ಬೋಳು ಬುಡಕ್ಕೆ ಬಂದ ಮೊಗ್ಗು: ಬಳ್ಳಿ ಗುಲಾಬಿಯ ರೆಂಬೆ ಬಾಗಿಸಿದ ವರದಿ

ಈ ಸಲದ ಚಿಗುರಿನಲ್ಲಿ ಗೋಡೆಯ ಕೆಳಗಿನ ತಂತಿಯುದ್ದಕ್ಕೂ, ಹೆಚ್ಚುಕಡಿಮೆ ಪ್ರತಿಯೊಂದು ಗೆಣ್ಣಿನಿಂದಲೂ, ಮೊಗ್ಗು ಹೊತ್ತ ಕವಲುಗಳು ಮೇಲೆದ್ದಿವೆ. ಬಳ್ಳಿ ಗುಲಾಬಿ ಬೆಳೆಸುವವರಿಗೆ ಇದು ಎಷ್ಟು ದೊಡ್ಡ ಸಂತೋಷವೆಂದು ಬಿಡಿಸಿ ಹೇಳಬೇಕಾಗಿಲ್ಲ. ಸಾಮಾನ್ಯವಾಗಿ ಕಾಣುವುದು ನೆಲದಿಂದ ಆಳೆತ್ತರದವರೆಗೆ ಬೋಳು ಕಾಂಡ, ಅದರಾಚೆ ಕತ್ತೆತ್ತಿ ನೋಡಬೇಕಾದಲ್ಲಿ ಒಂದಿಷ್ಟು ಹೂವು. ನನ್ನ ಗೋಡೆಯ ಮೇಲಿರುವ ‘ಗ್ಲ್ವಾರ್ ದ ದಿಜೋಂ’ ತಳಿಯ ಈ ಸ್ವಭಾವ ಅದರ ಪರಿಮಳದಷ್ಟೇ ಪ್ರಸಿದ್ಧವಾದದ್ದು. ಗುಂಡಿ, ಗೊಬ್ಬರ, ಕಸಿಗಂಟಿನ ಆಳ, ಆರಂಭದ ಆರೈಕೆ ಇವೆಲ್ಲ ಗುಲಾಬಿ ಬೆಳೆಗಾರರಿಗೆ ಗೊತ್ತಿರುವ ಸಂಗತಿಗಳಾದ್ದರಿಂದ ಅವನ್ನು ಬಿಟ್ಟು, ಬೋಳು ಬುಡದ ವಿಷಯವೊಂದನ್ನೇ ಇಲ್ಲಿ ಬರೆಯುತ್ತೇನೆ.

1853ರಲ್ಲಿ ಫ್ರಾನ್ಸಿನ ದಿಜೋಂ ಪಟ್ಟಣದ ಜಾಕೋತೋ ಎಂಬ ಬೆಳೆಗಾರರು ಹೊರತಂದ ಈ ತಳಿ ಟೀ ಗುಲಾಬಿಗಳ ವಂಶಕ್ಕೆ ಸೇರಿದ್ದು. ಬೆಣ್ಣೆಬಣ್ಣದ ಎಸಳುಗಳ ನಡುವೆ ಏಪ್ರಿಕಾಟ್ ಹಣ್ಣಿನ ಛಾಯೆಯಿರುವ ಇದರ ತುಂಬುಹೂವಿನ ಪರಿಮಳ, ದಮಾಸ್ಕ ಗುಲಾಬಿಗಳ ಗಾಢ ಪರಿಮಳಕ್ಕಿಂತ ಬೇರೆಯೇ ಆಗಿದೆ. ಅಲ್ಲಿ ಜೆರಾನಿಯಾಲ್, ಫಿನೈಲೆಥನಾಲ್‌ನಂತಹ ಸಂಯುಕ್ತಗಳು ಮೇಲುಗೈ ಪಡೆದರೆ, ಟೀ ಗುಲಾಬಿಗಳಿಗೆ ಅವುಗಳ ಗುರುತನ್ನು ಕೊಡುವುದು ಚೀನೀ ಗುಲಾಬಿಗಳಿಂದ ಬಂದ 3,5-ಡೈಮೆಥಾಕ್ಸಿಟಾಲುಯೀನ್ ಎಂಬ ಸಂಯುಕ್ತ. ಎಸಳಿನ ಹೊರಪದರದ ಕೋಶಗಳಿಂದ ಆವಿಯಾಗಿ ಹೊರಡುವ ಈ ನವಿರಾದ ಗಂಧ, ಹೂವು ನಾಲ್ಕು ಮೀಟರ್ ಎತ್ತರದಲ್ಲಿ ಅರಳಿದರೆ ಗಾಳಿಯಲ್ಲಿ ಕರಗಿಹೋಗುತ್ತದೆಯೇ ಹೊರತು ಕೆಳಗೆ ನಿಂತವರ ಮೂಗನ್ನು ತಲುಪುವುದಿಲ್ಲ. ಪರಿಮಳಕ್ಕಾಗಿಯೇ ಗುಲಾಬಿಯನ್ನು ನೆಟ್ಟವರಿಗೆ ಇದಕ್ಕಿಂತ ದೊಡ್ಡ ನಷ್ಟ ಇನ್ನೇನಿದೆ? ಆದ್ದರಿಂದ ಹೂವನ್ನು ಕೆಳಗಿಳಿಸುವುದು ಅಲಂಕಾರದ ಪ್ರಶ್ನೆಯಲ್ಲ, ಗಿಡ ನೆಟ್ಟ ಉದ್ದೇಶದ ಪ್ರಶ್ನೆ.

ಮೇಲಕ್ಕೆ ಓಡುವ ಈ ಹಟಕ್ಕೆ ಕಾರಣ ತಿಳಿದದ್ದೇ. ನೆಟ್ಟಗೆ ನಿಂತ ರೆಂಬೆಯ ತುದಿಯ ಎಳೆಯ ಎಲೆಗಳಲ್ಲಿ ತಯಾರಾಗುವ ಆಕ್ಸಿನ್ ಎಂಬ ಹಾರ್ಮೋನು ಕಾಂಡದಗುಂಟ ಕೆಳಗಿಳಿಯುತ್ತ, ಎಲೆಕಂಕುಳಿನ ಮೊಗ್ಗುಗಳನ್ನು (ಹೂಮೊಗ್ಗಲ್ಲ, ಹೊಸ ಕವಲು ಹೊರಡುವ ಚಿಗುರುಮೊಗ್ಗು) ಏಳಗೊಡದೆ ಮಲಗಿಸಿಡುತ್ತದೆ. ತುದಿ ಚಿವುಟಿದ ಗಿಡದ ಗಾಯಕ್ಕೆ ಆಕ್ಸಿನ್ ಹಚ್ಚಿದರೆ ಪಕ್ಕದ ಮೊಗ್ಗುಗಳು ಮಲಗಿಯೇ ಇರುತ್ತವೆಂದು ಸಸ್ಯವಿಜ್ಞಾನಿಗಳಾದ ಕೆನೆತ್ ಥೀಮನ್ ಮತ್ತು ಫೋಲ್ಕೆ ಸ್ಕೂಗ್ 1933ರಲ್ಲಿಯೇ ತೋರಿಸಿದ್ದರು. ಹಾಗಿದ್ದರೆ ತುದಿಯನ್ನು ಚಿವುಟಿದರೆ ಸಾಲದೆ ಎಂದು ಯಾರಾದರೂ ಕೇಳಬಹುದು. ಬಳ್ಳಿ ಗುಲಾಬಿಯಲ್ಲಿ ಅದು ಸಾಲದು. ಕತ್ತರಿಸಿದ ಜಾಗಕ್ಕೆ ತೀರ ಹತ್ತಿರದ ಎರಡು ಮೂರು ಮೊಗ್ಗುಗಳಷ್ಟೇ ಎದ್ದು, ಅವೇ ಹೊಸ ತುದಿಗಳಾಗಿ ಅಧಿಕಾರ ವಹಿಸಿಕೊಳ್ಳುತ್ತವೆ. ಬುಡ ಮೊದಲಿನಂತೆಯೇ ಬೋಳಾಗಿ ಉಳಿಯುತ್ತದೆ. ರೆಂಬೆಯನ್ನು ಅಡ್ಡಕ್ಕೆ ಮಲಗಿಸಿದಾಗ ಮಾತ್ರ ತುದಿಯ ದರ್ಪ ತಗ್ಗಿ, ಅದರ ಉದ್ದಕ್ಕೂ ಇರುವ ಮೊಗ್ಗುಗಳಿಗೆ ಅವಕಾಶ ಸಿಗುತ್ತದೆ.

ಅಡ್ಡಕ್ಕೆ ಬಾಗಿಸಿ ಕಟ್ಟಬೇಕು ಎಂದು ತೋಟಗಾರಿಕೆಯ ಕೈಪಿಡಿಗಳು ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತವೆ. ಗಿಡ ಮಾತ್ರ ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಹಿಂದಿನ ಚಿಗುರಿನ ಕಾಲದಲ್ಲಿ ನನ್ನನ್ನು ಕಂಗೆಡಿಸಿದ್ದು ರೆಂಬೆ ಬಾಗಿದ ಜಾಗದ ನೆತ್ತಿ. ರೆಂಬೆ ಒಂದು ಮೀಟರ್ ನೆಟ್ಟಗೆ ಏರಿ ಅಲ್ಲಿಂದ ಅಡ್ಡಕ್ಕೆ ತಿರುಗಿದ್ದರೆ, ತಿರುವಿನ ಅತಿ ಎತ್ತರದ ಬಿಂದುವಿನಲ್ಲಿರುವ ಒಂದೇ ಒಂದು ಮೊಗ್ಗು ಕೊಬ್ಬಿದ ಚಿಗುರಾಗಿ ನೇರ ಆಕಾಶಕ್ಕೆ ಹೊರಟುಬಿಡುತ್ತದೆ. ಬೇರಿನಿಂದ ಬರುವ ನೀರು ಮತ್ತು ಪೋಷಕಾಂಶಗಳಲ್ಲಿ ಸಿಂಹಪಾಲನ್ನು ಆ ಚಿಗುರೇ ಪಡೆಯುವುದರಿಂದ, ಅದರಾಚೆಗೆ ಮಲಗಿರುವ ಭಾಗ ಸೊರಗುತ್ತದೆ, ಈಚೆಗಿನ ನೆಟ್ಟನೆಯ ಭಾಗದಲ್ಲಿ ಒಂದು ಎಲೆಯೂ ಏಳುವುದಿಲ್ಲ. ಅದನ್ನು ತೆಗೆದರೆ ಪಕ್ಕದ ಗೆಣ್ಣಿನಿಂದ ಅದರ ತಮ್ಮ ಹೊರಡುತ್ತಾನೆ. ಅಡ್ಡಕ್ಕೆ ಕಟ್ಟಿದ್ದರೂ ಗಿಡದ ದೃಷ್ಟಿಯಲ್ಲಿ ಅದೊಂದು ಕುಳ್ಳಾದ ನೆಟ್ಟನೆಯ ರೆಂಬೆ ಮಾತ್ರ.

ಪರಿಹಾರ ಇದ್ದದ್ದು ತಿರುವಿನ ಜಾಗವನ್ನು ಕೆಳಗಿಳಿಸುವುದರಲ್ಲಿ, ಇನ್ನೂ ನಿಖರವಾಗಿ ಹೇಳುವುದಾದರೆ ತಿರುವೇ ಇಲ್ಲದಂತೆ ಮಾಡುವುದರಲ್ಲಿ. ಮೊದಲ ತಂತಿಯನ್ನು ನೆಲದಿಂದ 45 ಸೆಂಟಿಮೀಟರ್ ಎತ್ತರಕ್ಕೆ ಇಳಿಸಿದೆ. ಕಸಿಗಂಟಿನಿಂದ ಹೊರಟ ಹೊಸ ರೆಂಬೆಯನ್ನು ಆರಂಭದಿಂದಲೇ ಓರೆಯಾಗಿ ನಡೆಸಿ, ಉದ್ದನೆಯ ಇಳಿಜಾರಿನಲ್ಲಿ ಆ ತಂತಿಗೆ ಸೇರಿಸಿ, ಅಲ್ಲಿಂದ ಮುಂದಕ್ಕೆ ತಂತಿಯ ಮಟ್ಟದಲ್ಲಿಯೇ ಕಟ್ಟಿದೆ. ತುದಿಯನ್ನು ಕೆಳಕ್ಕೆ ಜೋಲಲು ಬಿಡಲಿಲ್ಲ. ಜೋತ ತುದಿ ಸೊರಗಿ, ಅದರ ಹಿಂದಿನ ಎತ್ತರದ ಭಾಗ ಮತ್ತೆ ನೆತ್ತಿಯಾಗಿಬಿಡುತ್ತದೆ. ಎಲ್ಲಿಯೂ ಒಂದು ಗೆಣ್ಣು ಇನ್ನೊಂದಕ್ಕಿಂತ ಗಣನೀಯವಾಗಿ ಎತ್ತರದಲ್ಲಿರಬಾರದೆಂಬುದೇ ಇಡೀ ಕೆಲಸದ ಸಾರ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ಈ ತಳಿಯ ಮಟ್ಟಿಗೆ ಅಕ್ಷರಶಃ ನಿಜ. ಇದರ ರೆಂಬೆ ಬಲಿತಂತೆ ಬಹಳ ಬಿರುಸಾಗುತ್ತದೆ, ಬಲವಂತ ಮಾಡಿದರೆ ಸೀಳುತ್ತದೆ. ಹಾಗೆಂದು ತೀರ ಎಳೆಯದನ್ನು ಎಳೆದರೆ ಬುಡದ ಹಿಮ್ಮಡಿಯಿಂದಲೇ, ಅಂದರೆ ಗಿಡಕ್ಕೆ ಅಂಟಿಕೊಂಡ ಜಾಗದಿಂದಲೇ, ಕಿತ್ತು ಬರುತ್ತದೆ. ಇವೆರಡರ ನಡುವೆ, ತೊಗಟೆ ಹಸಿರಾಗಿಯೇ ಇದ್ದು ಬುಡವಷ್ಟೇ ಗಟ್ಟಿಯಾಗಿರುವ ಒಂದು ಹದವಿದೆ. ಆ ಹದದಲ್ಲಿ ಒಂದು ಕೈಯಿಂದ ಬುಡವನ್ನು ಒತ್ತಿ ಹಿಡಿದು, ಇನ್ನೊಂದು ಕೈಯಿಂದ ರೆಂಬೆಯನ್ನು ಸ್ವಲ್ಪವೇ ಇಳಿಸಿ ದಾರ ಬಿಗಿಯಬೇಕು, ಕೆಲವು ದಿನ ಬಿಟ್ಟು ಮತ್ತೆ ಸ್ವಲ್ಪ ಇಳಿಸಬೇಕು. ನೀರುಣಿಸುವ ಮೊದಲು, ಬಿಸಿಲಿಗೆ ಗಿಡ ತುಸು ಸಡಿಲಗೊಂಡಿರುವಾಗ ಬಾಗಿಸುವುದು ಕ್ಷೇಮವೆಂದು ನನ್ನ ಅನುಭವ. ಕಟ್ಟನ್ನು ಎಂಟರ ಆಕಾರದಲ್ಲಿ ಹಾಕಿ, ರೆಂಬೆಗೂ ತಂತಿಗೂ ನಡುವೆ ದಾರದ ಅಡ್ಡಗೆರೆ ಬರುವಂತೆ ನೋಡಿಕೊಂಡಿದ್ದೇನೆ. ರೆಂಬೆಯನ್ನು ತಂತಿಯ ಹಿಂದೆ ತೂರಿಸುವುದು ಸುಲಭವಾಗಿ ಕಂಡರೂ, ಅದು ದಪ್ಪಗಾದ ಮೇಲೆ ಬಿಡಿಸಲು ಬರುವುದಿಲ್ಲವಾದ್ದರಿಂದ ಎಲ್ಲವನ್ನೂ ಮುಂಭಾಗದಲ್ಲಿಯೇ ಕಟ್ಟಿದ್ದೇನೆ.

ಇಲ್ಲಿ ಸಸಿ ಮಾರುವವರ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. ನನಗೆ ಬಂದ ಸಸಿ ಬಿದಿರಿನ ಕಡ್ಡಿಗೆ ಬಿಗಿದ ಒಂಟಿ ಉದ್ದ ರೆಂಬೆಯದಾಗಿತ್ತು. ನರ್ಸರಿಯಲ್ಲಿ ಎತ್ತರದ ಸಸಿಗೆ ಬೆಲೆ ಹೆಚ್ಚು. ಆದರೆ ಗೋಡೆಗೆ ಹಬ್ಬಿಸುವವರಿಗೆ ಬೇಕಾದದ್ದು ಎತ್ತರವಲ್ಲ, ಕಸಿಗಂಟಿನಿಂದ ಬೀಸಣಿಗೆಯಂತೆ ಹೊರಟ ಮೂರು ನಾಲ್ಕು ಗಿಡ್ಡ ರೆಂಬೆಗಳು. ಬೋಳು ಬುಡದ ಸಮಸ್ಯೆಯನ್ನು ಕುಂಡದಲ್ಲಿಯೇ ಬೆಳೆಸಿ, ಅದನ್ನೇ ಗುಣವೆಂದು ಮಾರುವುದು ಗ್ರಾಹಕರಿಗೆ ಮಾಡುವ ಅನ್ಯಾಯ. ಜೊತೆಗೆ ಇಟ್ಟಿದ್ದ ಆರೈಕೆಯ ಚೀಟಿಯಲ್ಲಿ ಪೊದೆ ಗುಲಾಬಿಗೆ ಹೇಳುವಂತೆ ಪ್ರತಿವರ್ಷ ಮೊಣಕಾಲೆತ್ತರಕ್ಕೆ ಸವರಿ ಎಂದು ಅಚ್ಚಾಗಿತ್ತು. ಪೊದೆ ತಳಿಯಿಂದ ರೂಪಾಂತರಗೊಂಡ ಬಳ್ಳಿ ಗುಲಾಬಿಗಳನ್ನು ಆರಂಭದಲ್ಲಿಯೇ ಹಾಗೆ ಸವರಿದರೆ ಅವು ಮತ್ತೆ ಪೊದೆಯ ಸ್ವಭಾವಕ್ಕೆ ಹಿಂದಿರುಗುವ ಅಪಾಯವಿದೆ. ದಪ್ಪನೆಯದೆಂದು ಕಳಿಸಿದ ಸತುಲೇಪಿತ ತಂತಿಯೂ ತೆಳ್ಳಗಿದ್ದು, ಮೊದಲ ಮಳೆಗೆ ಜೋತುಬಿದ್ದು, ಅಷ್ಟು ಕಷ್ಟಪಟ್ಟು ಸಾಧಿಸಿದ ಮಟ್ಟವನ್ನು ಕೆಡಿಸಿತು. ಈಗ ಬೇರೆ ತಂತಿ ಎಳೆದು, ಒಂದು ತುದಿಗೆ ಬಿಗಿಸುವ ತಿರುಪು ಹಾಕಿದ್ದೇನೆ.

ತಂತಿಯ ಮಾತು ಬಂದಾಗಲೆಲ್ಲ ಮನಸ್ಸು ಮುಂದಿನ ಯೋಜನೆಯತ್ತ ಹೋಗುತ್ತದೆ. ತೋಟದ ನಡುವಿನ ಮರದ ಕಂಬಕ್ಕೆ ‘ಜೆಫಿರೀನ್ ದ್ರುಆಂ’ ಸುತ್ತಿಸಬೇಕೆಂದಿದ್ದೇನೆ. ಬೋರ್ಬೋನ್ ಎಂಬ ಹಳೆಯ ಗುಲಾಬಿ ವರ್ಗಕ್ಕೆ ಸೇರಿದ 1868ರ ಈ ತಳಿಗೆ ಮುಳ್ಳುಗಳೇ ಇಲ್ಲವೆನ್ನಬಹುದು, ರೆಂಬೆಗಳೂ ಮೆತುವಾಗಿರುತ್ತವೆ, ಪರಿಮಳವೋ ಧಾರಾಳ. ಕಂಬಕ್ಕೆ ಸುರುಳಿಯಾಗಿ ಸುತ್ತಿದರೆ ರೆಂಬೆ ಓರೆಯಾಗಿಯೇ ಏರುವುದರಿಂದ ನೆತ್ತಿಯ ಸಮಸ್ಯೆ ಅಲ್ಲಿ ಹುಟ್ಟುವುದೇ ಇಲ್ಲ. ಅದಕ್ಕೆ ಕಾಡುವುದು ಕಪ್ಪು ಚುಕ್ಕೆ ರೋಗ. ಡಿಪ್ಲೊಕಾರ್ಪನ್ ರೋಸೆ ಶಿಲೀಂಧ್ರದ ಬೀಜಕಣ ಎಲೆಯೊಳಗೆ ಇಳಿಯಲು ಎಲೆ ಸುಮಾರು ಏಳು ಗಂಟೆ ಒದ್ದೆಯಾಗಿರಬೇಕು. ನಾಲ್ಕೂ ಕಡೆ ಗಾಳಿಯಾಡುವ ಕಂಬದ ಮೇಲೆ ಎಲೆ ಬೇಗ ಒಣಗುತ್ತದೆಂಬ ಕಾರಣದಿಂದಲೇ ಅದನ್ನು ಗೋಡೆಗೆ ಬೇಡವೆಂದು ನಿರ್ಧರಿಸಿದ್ದೇನೆ.

ಸದ್ಯಕ್ಕೆ ಗೋಡೆಯ ಗಿಡದಲ್ಲಿ ಕೆಳತಂತಿಯ ಹೂಗಳು ಸೊಂಟದ ಎತ್ತರದಲ್ಲಿ ಅರಳತೊಡಗಿವೆ, ಪಕ್ಕದಲ್ಲಿ ನಡೆದುಹೋಗುವಾಗ ಪರಿಮಳ ತಾನಾಗಿಯೇ ಸಿಗುತ್ತದೆ. ರೆಂಬೆಯ ಮೇಲ್ಮೈಯ ಗೆಣ್ಣುಗಳು ಎದ್ದಷ್ಟು ಚುರುಕಾಗಿ ಕೆಳಮುಖದವು ಎದ್ದಿಲ್ಲ, ಹಾಗೆ ಏಳಬೇಕೆಂಬ ಅಗತ್ಯವೂ ಇಲ್ಲ. ಹೂವು ಮುಗಿದ ಕವಲುಗಳನ್ನು ಎರಡು ಮೂರು ಮೊಗ್ಗು ಉಳಿಸಿ ಸವರುತ್ತೇನೆ. ಮುಂದಿನ ಹೂವು ಬರುವುದು ಆ ತುಂಡುಗಳಿಂದಲೇ. ಹಳೆಯ ನೆಟ್ಟನೆಯ ಕಾಂಡಗಳಲ್ಲಿ ಒಂದನ್ನು ಬುಡದಿಂದ 30 ಸೆಂಟಿಮೀಟರ್ ಎತ್ತರಕ್ಕೆ ಕತ್ತರಿಸಿದ್ದು, ಅದರಿಂದ ಹೊರಟ ಹೊಸ ರೆಂಬೆ ಎರಡನೆಯ ತಂತಿಯತ್ತ ಓರೆಯಾಗಿ ಸಾಗಿದೆ. ಅದು ಹದಕ್ಕೆ ಬಂದ ಕೂಡಲೇ ದಾರ ಬಿಗಿಯುವ ಕೆಲಸ ಮತ್ತೆ ಶುರು. ಈ ಸಲ ಅದನ್ನು ಬಲಕ್ಕಲ್ಲ, ಖಾಲಿ ಉಳಿದಿರುವ ಎಡಭಾಗಕ್ಕೆ ನಡೆಸಬೇಕು.