ಲೈಟ್ ಇಲ್ಲದ ಕ್ಯಾಬಿನೆಟ್

ಮಾತು ಕೊಟ್ಟವನು ನಾನೇ. ಎಸ್ಸೆಸ್ಸೆಲ್ಸಿಯಲ್ಲಿ 90 ಪರ್ಸೆಂಟ್ ದಾಟಿದರೆ ಗೇಮ್ ಆಡೋ ಕಂಪ್ಯೂಟರ್ ಕೊಡಿಸ್ತೀನಿ ಅಂತ ಅಕ್ಕನ ಮಗನಿಗೆ ಹೇಳಿದ್ದೆ. ಹುಡುಗ 93 ತೆಗೆದುಬಿಟ್ಟ. ಚೀಟಿ ಎತ್ತೋವರೆಗೂ ತಡಿ ಅಂತ ಆರು ತಿಂಗಳು ತಳ್ಳಿದೆ. ಕೊನೆಗೆ 2023ರ ಡಿಸೆಂಬರ್‌ನ ಒಂದು ಶನಿವಾರ, 50,000 ರೂಪಾಯಿ ಇಟ್ಟುಕೊಂಡು ಇಬ್ಬರೂ ತುಮಕೂರಿನಲ್ಲಿ ರೈಲು ಹತ್ತಿದೆವು. ಮೆಜೆಸ್ಟಿಕ್‌ನಿಂದ ಮೆಟ್ರೋದಲ್ಲಿ ಒಂದೇ ಸ್ಟಾಪ್, ಚಿಕ್ಕಪೇಟೆ. ಅಲ್ಲಿಂದ ನಡೆದರೆ ಎಸ್.ಪಿ. ರೋಡ್, ಕಂಪ್ಯೂಟರ್ ಬಿಡಿಭಾಗಗಳ ಪೇಟೆ.

ಮಾನಿಟರ್ ಮನೆಯಲ್ಲೇ ಇತ್ತು, 1080ಪಿ, ಅಂದರೆ ಮಾಮೂಲಿ ಫುಲ್ ಎಚ್‌ಡಿ. ಅಷ್ಟು ಗೊತ್ತಿದ್ದರೆ ಅರ್ಧ ತಲೆನೋವು ಕಡಿಮೆ. ಅದಕ್ಕೆ ತಕ್ಕ, ಗೇಮ್‌ನ ಚಿತ್ರ ಮೂಡಿಸೋ ಗ್ರಾಫಿಕ್ಸ್ ಕಾರ್ಡ್‌ಗೆ ಮೊದಲು ದುಡ್ಡು ಎತ್ತಿಟ್ಟು, ಉಳಿದದ್ದರಲ್ಲಿ ಸಂಸಾರ ಮಾಡಬೇಕು. ನಾನು ಎತ್ತಿಟ್ಟಿದ್ದು 21,500, ಆರ್‌ಎಕ್ಸ್ 6600ಕ್ಕೆ. ಮೂರು ಅಂಗಡಿಯಲ್ಲೂ "ಸಾರ್, ಆರ್‌ಟಿಎಕ್ಸ್ 3050 ತಗೊಳ್ಳಿ, ಅದೇ ಓಡೋದು" ಅಂದರು. ಓಡೋದು ಅಂದರೆ ಮಾರಾಟದಲ್ಲಿ! ಆಗ ಎರಡರಲ್ಲೂ 8 ಜಿಬಿ ಮೆಮೊರಿ ಇತ್ತು, ಆದರೆ ಮಾಮೂಲಿ ಗೇಮ್‌ಗಳಲ್ಲಿ 6600 ಮುಂದೆ. 3050ಯಲ್ಲಿ ರೇ ಟ್ರೇಸಿಂಗ್ (ಬೆಳಕು-ನೆರಳನ್ನು ನಿಜದ ಹಾಗೆ ತೋರಿಸೋದು) ಚೆನ್ನಾಗಿದೆ, ಚಿಕ್ಕ ಚಿತ್ರವನ್ನು ಹಿಗ್ಗಿಸಿ ಗೇಮ್ ವೇಗ ಹೆಚ್ಚಿಸೋ ಡಿಎಲ್‌ಎಸ್‌ಎಸ್ ಸಿಗುತ್ತದೆ, ನಿಜ. ಆದರೆ ಈ ಬೆಲೆಯ ಕಾರ್ಡ್‌ನಲ್ಲಿ ರೇ ಟ್ರೇಸಿಂಗ್ ಆನ್ ಮಾಡಿದರೆ ಗೇಮ್ ಎತ್ತಿನಗಾಡಿ ಆಗುತ್ತದೆ.

ಒಬ್ಬರು ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 580 ತೋರಿಸಿದರು. 2017ರ ಕಾರ್ಡ್. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಮೈನಿಂಗ್, ಅಂದರೆ ಇಂಥ ಕಾರ್ಡ್‌ಗಳಿಂದ ಡಿಜಿಟಲ್ ದುಡ್ಡು ಗಳಿಸೋ ದಂಧೆ, ನಿಂತ ಮೇಲೆ ಇಂಥವು ರಾಶಿ ರಾಶಿ ಮಾರ್ಕೆಟ್‌ಗೆ ಬಂದಿದ್ದವು. ಬಿಲ್ ಇದೆಯಾ ಅಂದೆ. ನಕ್ಕರು. ನಾನೂ ನಕ್ಕು ಮುಂದೆ ಹೋದೆ.

ಪ್ರೊಸೆಸರ್ ವಿಷಯದಲ್ಲಿ ಮಾತ್ರ ಮನಸ್ಸು ಡೋಲಾಯಮಾನ. ರೈಜನ್ 5 5600ರಲ್ಲಿ ಆರು ಕೋರ್. ಐ3 12100ಎಫ್‌ನಲ್ಲಿ ನಾಲ್ಕೇ. ರೈಜನ್‌ಗೆ ಹೋದರೆ ಸುಮಾರು 4,000 ಜಾಸ್ತಿ, ಆ ದುಡ್ಡು ಕಾರ್ಡಿಂದಲೋ ಕಂಪ್ಯೂಟರ್‌ಗೆ ಕರೆಂಟ್ ಕೊಡೋ ಎಸ್‌ಎಂಪಿಎಸ್‌ನಿಂದಲೋ ಕೀಳಬೇಕು. ಐ3ಗೇ ಸೈ ಅಂದೆ, 8,600. ಇವತ್ತಿಗೂ ಸ್ವಲ್ಪ ಕೊರಗಿದೆ. ಹಿಂದೆ ಬ್ರೌಸರ್ ತೆರೆದಿಟ್ಟು ದೊಡ್ಡ ಗೇಮ್ ಆಡಿದರೆ ಅದು ಏದುಸಿರು ಬಿಡುತ್ತದೆ. ಎಚ್610 ಮದರ್‌ಬೋರ್ಡ್‌ನಲ್ಲಿ ರ್‍ಯಾಮ್‌ಗೆ ಇರೋದು ಎರಡೇ ಸ್ಲಾಟ್. ಆದರೂ 16 ಜಿಬಿಯ ಒಂದೇ ಸ್ಟಿಕ್ ಬೇಡ, 8ರದು ಎರಡು ಕೊಡಿ ಅಂತ ಹಠ ಹಿಡಿದೆ. ಜೋಡಿಯಾಗಿ ಹಾಕಿದರೆ ಸೆಕೆಂಡಿಗೆ ಫ್ರೇಮ್ ಜಾಸ್ತಿ ಬರುತ್ತದೆ, ಗೇಮ್ ನಯವಾಗಿ ಓಡುತ್ತದೆ. ಎರಡಕ್ಕೂ ಸೇರಿ 3,200. ಈಗ ರ್‍ಯಾಮ್ ಬೆಲೆ ಕೇಳೋ ಹಾಗೇ ಇಲ್ಲ, ಅಲ್ವಾ?

ಅಷ್ಟರಲ್ಲಿ ನಮ್ಮ ಹುಡುಗ ಒಂದು ಕ್ಯಾಬಿನೆಟ್ ಮುಂದೆ ನಿಂತುಬಿಟ್ಟಿದ್ದ. ಗಾಜಿನ ಬಾಗಿಲು, ನಾಲ್ಕು ಫ್ಯಾನ್, ಕಾಮನಬಿಲ್ಲಿನ ಬಣ್ಣ. "ಸಾರ್, ಇದರ ಜೊತೆ ಎಸ್‌ಎಂಪಿಎಸ್ ಫ್ರೀ" ಅಂದರು ಅಂಗಡಿಯವರು. ಆ ಫ್ರೀ ಡಬ್ಬ ಕೈಗೆತ್ತಿಕೊಂಡೆ. ಹತ್ತಿ ಹಿಡಿದ ಹಾಗಿತ್ತು. ಮೇಲೆ 450 ವ್ಯಾಟ್ ಅಂತ ದಪ್ಪಕ್ಷರ, ಕಾರ್ಡ್‌ಗೆ ಬೇಕಾದ 8 ಪಿನ್ ವೈರೇ ಇಲ್ಲ. ನಮ್ಮ ಊರಲ್ಲಿ ದಿನಕ್ಕೆ ಎಷ್ಟು ಸಲ ಕರೆಂಟ್ ಹೋಗಿ ಬರುತ್ತದೆ ಅಂತ ನನಗೆ ಗೊತ್ತು. ಆ ಹೊಡೆತ ಮೊದಲು ಬೀಳೋದೇ ಎಸ್‌ಎಂಪಿಎಸ್ ಮೇಲೆ. 3,700 ಕೊಟ್ಟು ಐದು ವರ್ಷ ವಾರಂಟಿ ಇರುವ 550 ವ್ಯಾಟ್‌ನದು ತಗೊಂಡೆ. ಅದರ ಮೇಲೂ 80 ಪ್ಲಸ್ ಬ್ರಾಂಜ್ ಅಂತಿತ್ತು. ಕರೆಂಟ್ ಎಷ್ಟು ಪೋಲಾಗುತ್ತದೆ ಅನ್ನೋದಕ್ಕಷ್ಟೇ ಆ ಮುದ್ರೆ, ಒಳಗಿನ ಮಾಲು ಗಟ್ಟಿ ಅಂತಲ್ಲ. ಅದಕ್ಕೇ ವಾರಂಟಿ ನೋಡಿದ್ದು. ಕ್ಯಾಬಿನೆಟ್ ಬರೀ ಕಪ್ಪು, ಮುಂದೆ ಜಾಲರಿ, 2,400.

"ಮಾಮ, ಲೈಟೇ ಇಲ್ವಾ?"

"ಗೇಮ್ ಒಳಗೆ ಇರುತ್ತೆ ಕಣೋ, ನೋಡ್ಕೋ."

ಬೋರ್ಡು, ಫೈಲ್ ಇಡೋ ಎಸ್‌ಎಸ್‌ಡಿ ಎಲ್ಲ ಸೇರಿ 48,900, ಜಿಎಸ್‌ಟಿ ಬಿಲ್ ಸಮೇತ. ಮಿಕ್ಕ 1,100ರಲ್ಲಿ ಊಟ, ರೈಲು.

ಜೋಡಿಸಿದ್ದು ಮನೆಯಲ್ಲೇ, ಊಟದ ಟೇಬಲ್ ಮೇಲೆ. ಮೊದಲ ಸಲ ಸ್ಕ್ರೀನ್ ಕಪ್ಪಗೇ ಇತ್ತು. ನೋಡಿದರೆ ಎಚ್‌ಡಿಎಂಐ ವೈರನ್ನು ಕಾರ್ಡ್‌ಗೆ ಹಾಕದೆ ಬೋರ್ಡ್‌ಗೆ ಚುಚ್ಚಿದ್ದೆ. ಎಫ್ ಅಂತಿರುವ ಪ್ರೊಸೆಸರ್‌ನಲ್ಲಿ ಗ್ರಾಫಿಕ್ಸ್ ಇರೋದಿಲ್ಲ, ಅಂಗಡಿಯಲ್ಲಿ ನಾನೇ ಭಾಷಣ ಬಿಗಿದಿದ್ದೆ. ಅದಾದ ಮೇಲೆ ಗೇಮ್ ಶುರುವಾಯಿತು, ಹತ್ತು ನಿಮಿಷಕ್ಕೆ ತಡವರಿಸತೊಡಗಿತು. ಪ್ರೊಸೆಸರ್ 100 ಡಿಗ್ರಿ! ಬಾಗಿಲು ತೆಗೆದು ಟಾರ್ಚ್ ಹಿಡಿದೆವು. ಕೂಲರ್‌ನ ನಾಲ್ಕು ಪ್ಲಾಸ್ಟಿಕ್ ಪಿನ್‌ಗಳಲ್ಲಿ ಒಂದು ಒಳಗೇ ಕೂತಿರಲಿಲ್ಲ, ಆ ಮೂಲೆ ಕೂದಲೆಳೆಯಷ್ಟು ಎದ್ದಿತ್ತು. ಕೂಲರ್ ಬಿಚ್ಚಿ, ಬಿಸಿ ದಾಟಿಸೋ ಹಳೇ ಪೇಸ್ಟ್ ಒರೆಸಿ, ಹೊಸದು ಹಚ್ಚಿ ಮತ್ತೆ ಕೂರಿಸಿದೆ. ಈ ಸಲ ಎದುರುಬದುರು ಪಿನ್ ಒತ್ತುತ್ತಾ ಬಂದು, ನಾಲ್ಕು ಸಲವೂ ಟಕ್ ಅನ್ನೋ ಸದ್ದು ಕೇಳಿಸಿಕೊಂಡೆ. ಬಿಸಿ 70ರ ಆಸುಪಾಸಿಗೆ ಇಳಿಯಿತು.

ಮುಂದಿನ ತಿಂಗಳು ಅಕ್ಕನ ಮನೆಗೆ ಹೋದಾಗ ರೂಮು ಜಗಮಗ ಅಂತಿತ್ತು. ಗಣಪತಿ ಮಂಟಪಕ್ಕೆ ಕಟ್ಟುವ ಸೀರಿಯಲ್ ಸೆಟ್ಟನ್ನು ಅಟ್ಟದಿಂದ ಇಳಿಸಿ ಕ್ಯಾಬಿನೆಟ್ ಸುತ್ತ ಸುತ್ತಿದ್ದ. ಭಾವ ಕೊಡಿಸಿದ ಯುಪಿಎಸ್‌ಗೆ ಅದನ್ನು ಚುಚ್ಚಬೇಡ ಅಂತಷ್ಟೇ ಹೇಳಿ ಬಂದೆ.