ಬದಲಿ ಬಂದವರ ಮೊದಲ ಗೆಲುವು

2024ರ ಸೆಪ್ಟೆಂಬರ್ 16, ಸೋಮವಾರ. ಸುದ್ದಿ ಬಂದಮೇಲೆ ನಮ್ಮ ಆಫೀಸಿನಲ್ಲಿ ಯಾರ ಬಾಯಲ್ಲೂ ಬೇರೆ ಮಾತಿಲ್ಲ. ಊರಿನ ಫುಟ್‌ಬಾಲ್ ತಂಡ ಕ್ಯಾರೊಲೈನಾ ಪ್ಯಾಂಥರ್ಸ್ ತನ್ನ ಕ್ವಾರ್ಟರ್‌ಬ್ಯಾಕ್ ಬ್ರೈಸ್ ಯಂಗ್‌ನನ್ನು ಬೆಂಚಿನ ಮೇಲೆ ಕೂರಿಸಿತ್ತು. ಸೀಸನ್ ಶುರುವಾಗಿ ಎರಡೇ ಪಂದ್ಯ ಮುಗಿದಿದ್ದವು.

ನಾನಿರುವುದು ಅಮೆರಿಕದ ಷಾರ್ಲೆಟ್‌ನಲ್ಲಿ. ಒಂದು ಬ್ಯಾಂಕಿನ ಪೇಮೆಂಟ್ ಸಾಫ್ಟ್‌ವೇರ್ ನೋಡಿಕೊಳ್ಳುವ ಒಂಬತ್ತು ಜನರ ತಂಡ ನನ್ನದು. ಪ್ಯಾಂಟ್ರಿಯಲ್ಲಿ ಕಾಫಿ ಹಿಡಿದು ನಿಂತು ಎಲ್ಲರೂ ವಾದ ಮಾಡುತ್ತಿದ್ದರು. ನನಗೆ ಮಾತ್ರ ಬಾಯಿ ಬಿಡಲು ಆಗಲಿಲ್ಲ. ಅದೇ ವಾರ ನನ್ನ ಮುಂದೆಯೂ ಅಂಥದ್ದೇ ಪ್ರಶ್ನೆ ಕೂತಿತ್ತು. ನಮ್ಮ ರಿಲೀಸ್ ಲೀಡ್‌ನನ್ನು, ಅಂದರೆ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಿಡುಗಡೆ ಮಾಡುವಾಗ ಮುಂದೆ ನಿಂತು ನಡೆಸುವವನನ್ನು, ಬದಲಾಯಿಸಬೇಕಾ, ಬೇಡವಾ?

ಅಮೆರಿಕನ್ ಫುಟ್‌ಬಾಲ್ ನೋಡದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಕ್ವಾರ್ಟರ್‌ಬ್ಯಾಕ್ ಅಂದರೆ ಹೆಚ್ಚುಕಡಿಮೆ ಪ್ರತಿ ಸಲವೂ ಚೆಂಡು ಮೊದಲು ಕೈಗೆ ಬರುವವನು. ಯಾರಿಗೆ ಎಸೆಯಬೇಕು ಅಂತ ತೀರ್ಮಾನ ಮಾಡಲು ಅವನಿಗೆ ಸಿಗುವುದು ಮೂರು ಸೆಕೆಂಡ್ ಆಸುಪಾಸು. ಅಷ್ಟರಲ್ಲಿ ನೂರು ಕೆಜಿ ದಾಟಿದ ಮೂರ್ನಾಲ್ಕು ಜನ ಅವನನ್ನು ಕೆಡವಲು ನುಗ್ಗಿ ಬರುತ್ತಾರೆ. ಅವರನ್ನು ತಡೆಯಲು ಮುಂದೆ ಐದು ಜನರ ಗೋಡೆ ಇರುತ್ತದೆ. ಅದಕ್ಕೆ ಆಫೆನ್ಸಿವ್ ಲೈನ್ ಅಂತಾರೆ. ಆ ಗೋಡೆ ಬಿದ್ದರೆ ಎಂಥವನೂ ಏನೂ ಮಾಡಲಾರ. ಆದರೆ ಸೋತಾಗ ಟಿವಿಯಲ್ಲಿ ತೋರಿಸುವುದು ಅವನ ಮುಖವನ್ನೇ.

ಯಂಗ್ ಸಾಮಾನ್ಯ ಹುಡುಗನಲ್ಲ. ಅಲಬಾಮಾದಲ್ಲಿ ಆಡುವಾಗ 2021ರಲ್ಲಿ ಕಾಲೇಜು ಫುಟ್‌ಬಾಲಿನ ದೊಡ್ಡ ಗೌರವವಾದ ಹೈಸ್ಮನ್ ಟ್ರೋಫಿ ಗೆದ್ದವನು. ವೃತ್ತಿಪರ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ 2023ರ ಮೊದಲ ಆಯ್ಕೆ. ಆ ಮೊದಲ ಸ್ಥಾನಕ್ಕಾಗಿ ಪ್ಯಾಂಥರ್ಸ್ ಶಿಕಾಗೋ ತಂಡಕ್ಕೆ ನಾಲ್ಕು ಡ್ರಾಫ್ಟ್ ಆಯ್ಕೆಗಳನ್ನು ಬಿಟ್ಟುಕೊಟ್ಟಿತು. ಜೊತೆಗೆ ತನ್ನ ಒಳ್ಳೆಯ ರಿಸೀವರ್ ಡಿ.ಜೆ. ಮೂರ್‌ನನ್ನೂ ಕೊಟ್ಟಿತು. ಚೆಂಡು ಎಸೆಯುವವನನ್ನು ತರಲು ಚೆಂಡು ಹಿಡಿಯುವವನನ್ನೇ ಕಳಿಸಿದ ಹಾಗಾಯಿತು. ಮೊದಲ ವರ್ಷ ತಂಡ 17ರಲ್ಲಿ 15 ಪಂದ್ಯ ಸೋತಿತು. ಎದುರಾಳಿಗಳು ಯಂಗ್‌ನನ್ನು 62 ಸಲ ಚೆಂಡಿನ ಸಮೇತ ಕೆಡವಿದರು. ಕೋಚ್ ಫ್ರಾಂಕ್ ರೈಕ್ ಅವರನ್ನು 11 ಪಂದ್ಯಕ್ಕೇ ಮನೆಗೆ ಕಳಿಸಿದರು. ಅದೇ ಡ್ರಾಫ್ಟ್‌ನಲ್ಲಿ ಯಂಗ್ ನಂತರ ಹೂಸ್ಟನ್‌ಗೆ ಹೋದ ಸಿ.ಜೆ. ಸ್ಟ್ರೌಡ್ ಆ ವರ್ಷದ ಅತ್ಯುತ್ತಮ ಹೊಸ ಆಟಗಾರನಾದ. ಷಾರ್ಲೆಟ್ ಜನರ ಹೊಟ್ಟೆ ಉರಿಯದೆ ಇರುತ್ತದಾ?

2024ಕ್ಕೆ ಡೇವ್ ಕನಾಲೆಸ್ ಕೋಚ್ ಆಗಿ ಬಂದರು. ಗೋಡೆಯನ್ನೂ ಸರಿಮಾಡಿದರು. ಆ ಗೋಡೆಯಲ್ಲಿ ಗಾರ್ಡ್ ಆಗಿ ನಿಲ್ಲುವ ರಾಬರ್ಟ್ ಹಂಟ್‌ಗೆ ಐದು ವರ್ಷಕ್ಕೆ 10 ಕೋಟಿ ಡಾಲರ್ ಒಪ್ಪಂದ. ಆದರೂ ಮೊದಲ ಪಂದ್ಯ 47-10ರಿಂದ ಸೋಲು, ಎರಡನೆಯದು 26-3ರಿಂದ.

ಆ ಎರಡನೇ ಪಂದ್ಯವನ್ನು ನಾನು ಮನೆಯಲ್ಲಿ ಕೂತು ಪೂರ್ತಿ ನೋಡಿದೆ. ಯಂಗ್ ಎಸೆದ 26 ಚೆಂಡುಗಳಲ್ಲಿ 18 ನಮ್ಮವರ ಕೈ ಸೇರಿದವು. ಕೇಳಿದರೆ ಪರವಾಗಿಲ್ಲ ಅನಿಸುತ್ತದೆ. ಆದರೆ ಅಷ್ಟೂ ಸೇರಿ ತಂಡ ಮುಂದೆ ಸಾಗಿದ್ದು 84 ಗಜ. ಎಲ್ಲ ಹತ್ತಿರದ ಎಸೆತ. ದೂರದಲ್ಲಿ ಆಟಗಾರ ಖಾಲಿ ನಿಂತಿದ್ದರೂ ಪಕ್ಕದವನಿಗೇ ಕೊಟ್ಟುಬಿಡುವುದು. ಗೋಡೆ ಗಟ್ಟಿಯಾಗಿ ನಿಂತಾಗಲೂ ಅವನ ಕಾಲು ನಿಲ್ಲುತ್ತಿರಲಿಲ್ಲ. ಹಿಂದಿನ ವರ್ಷದ 62 ಪೆಟ್ಟು ಮೈಯಲ್ಲಿ ಉಳಿದುಬಿಟ್ಟಿದೆ ಅಂತ ನನಗೆ ಅನಿಸಿತು.

ಯಾಕೆಂದರೆ ಆ ಕಾಲನ್ನು ನಾನು ಒಂದು ವಾರದ ಹಿಂದೆ ಆಫೀಸಿನಲ್ಲೇ ನೋಡಿದ್ದೆ.

ನಮ್ಮ ಲೀಡ್ ದಾವಣಗೆರೆ ಹುಡುಗ. ಇಪ್ಪತ್ತೊಂಬತ್ತು ವರ್ಷ. ಕೋಡ್ ಬರೆಯುವುದರಲ್ಲಿ ತಂಡಕ್ಕೇ ಮೊದಲಿಗ. ಒಂದು ವರ್ಷದ ಹಿಂದೆ ನಾನೇ ಹಟ ಹಿಡಿದು ಅವನಿಗೆ ರಿಲೀಸ್ ಜವಾಬ್ದಾರಿ ಕೊಡಿಸಿದ್ದೆ. ಎರಡು ಮೂರು ವಾರಕ್ಕೊಂದು ರಿಲೀಸ್. ಶನಿವಾರ ರಾತ್ರಿ ಹನ್ನೊಂದಕ್ಕೆ ಶುರು, ಬೆಳಗಿನ ಜಾವ ಮೂರಕ್ಕೆ ಮುಗಿಯಬೇಕು. ಡೇಟಾಬೇಸ್, ನೆಟ್‌ವರ್ಕ್, ಸೆಕ್ಯೂರಿಟಿ, ಎಲ್ಲ ತಂಡದವರೂ ಬ್ರಿಡ್ಜ್ ಕಾಲ್ ಅನ್ನುವ ಒಂದೇ ಕರೆಯಲ್ಲಿ ಇರುತ್ತಾರೆ. ಏನಾದ ಮೇಲೆ ಏನು ಮಾಡಬೇಕು ಅಂತ ಬರೆದಿಟ್ಟ ರನ್‌ಬುಕ್‌ನಲ್ಲಿ 140 ಹೆಜ್ಜೆ. ಪ್ರತಿ ಘಟ್ಟದಲ್ಲೂ ಮುಂದೆ ಹೋಗೋಣ ಅಥವಾ ವಾಪಸ್ ತಿರುಗೋಣ ಅಂತ ಲೀಡ್ ಹೇಳಬೇಕು.

ಮೇ ತಿಂಗಳಲ್ಲಿ ಒಂದು ರಿಲೀಸ್ ಕೆಟ್ಟಿತು. ಜುಲೈನಲ್ಲಿ ಇನ್ನೊಂದು. ಸೆಪ್ಟೆಂಬರ್ ಮೊದಲ ಶನಿವಾರ ನಾನೂ ಕಾಲ್‌ನಲ್ಲಿದ್ದೆ. 88ನೇ ಹೆಜ್ಜೆಯಲ್ಲಿ ಒಂದು ಚೆಕ್ ಓಡಿಸಿದ. ಉತ್ತರ ಬರಲಿಲ್ಲ. ಸ್ಕ್ರೀನ್ ಶೇರ್‌ನಲ್ಲಿ ಕರ್ಸರ್ ಮಿನುಗುತ್ತಾ ಇದೆ. ಹದಿನೆಂಟು ಜನ ಮೌನವಾಗಿದ್ದಾರೆ. ಚಾಟ್‌ನಲ್ಲಿ ಏನೋ ಬರೆದ, ಅಳಿಸಿದ. ಮತ್ತೆ ಬರೆದ, ಅಳಿಸಿದ. ಮೈಕ್‌ನಲ್ಲಿ ಅವನ ಉಸಿರು ಕೇಳಿಸುತ್ತಿತ್ತು. ಆಮೇಲೆ "ರೋಲ್‌ಬ್ಯಾಕ್ ಮಾಡೋಣ" ಅಂದ. ಅವನು ಅದನ್ನು ಹೇಳಿ ಹತ್ತು ಸೆಕೆಂಡ್ ಆಗಿರಲಿಲ್ಲ, ಚೆಕ್ ಮುಗಿದು ಸರಿ ಅಂತ ಬಂತು. ಅಷ್ಟರಲ್ಲಿ ಡೇಟಾಬೇಸ್‌ನವರು ವಾಪಸ್ ತಿರುಗಿಸಲು ಶುರು ಮಾಡಿದ್ದರು. ತಪ್ಪೇನೂ ನಡೆಯಲಿಲ್ಲ, ನಿಜ. ಮುಂದಕ್ಕೂ ಹೋಗಲಿಲ್ಲ. ಅದು ಅವನ 84 ಗಜ.

ನನ್ನ ಮೇಲಿನವರು ಬದಲಾಯಿಸಿ ಅಂದರು. ತಂಡದಲ್ಲೂ ಇಬ್ಬರು ಅದನ್ನೇ ಹೇಳಿದರು. ಉಳಿದವರು ಇನ್ನೊಂದು ಅವಕಾಶ ಕೊಡೋಣ ಅಂದರು. ಕ್ರಿಕೆಟ್ ಹುಚ್ಚಿನ ಒಬ್ಬ ಬೆಂಗಳೂರು ಗೆಳೆಯ ಕೆ.ಎಲ್. ರಾಹುಲ್ ಮಾತು ತೆಗೆದ. 2023ರಲ್ಲಿ ಆಸ್ಟ್ರೇಲಿಯಾ ವಿರುದ್ಧದ ಟೆಸ್ಟ್ ಸರಣಿಯ ಮಧ್ಯೆ ಕೂರಿಸಿದರು, ಡಿಸೆಂಬರ್‌ನಲ್ಲಿ ಸೆಂಚೂರಿಯನ್‌ನಲ್ಲಿ ಶತಕ ಹೊಡೆದು ವಾಪಸ್ ಬರಲಿಲ್ವಾ ಅಂದ. ಮಾತು ಸರಿಯೇ. ಆದರೆ ಒಬ್ಬ ಬ್ಯಾಟ್ಸ್‌ಮನ್ ಫಾರ್ಮ್ ಕಳೆದುಕೊಂಡರೆ ಉಳಿದ ಹತ್ತು ಜನ ತಮ್ಮ ಪಾಡಿಗೆ ಆಡಬಹುದು. ಕ್ವಾರ್ಟರ್‌ಬ್ಯಾಕ್ ನಿಂತರೆ ಎಲ್ಲರೂ ನಿಂತ ಹಾಗೆ. ರಿಲೀಸ್ ಲೀಡ್ ಕೂಡ ಹಾಗೇ.

ನಾನು ಯಾಕೆ ತಡ ಮಾಡುತ್ತಿದ್ದೆ? ಅವನ ಮೇಲಿನ ಅಕ್ಕರೆ ಒಂದು ಕಾರಣ. ಅವನನ್ನು ಆರಿಸಿದ್ದು ನಾನು ಅನ್ನುವುದು ಇನ್ನೊಂದು. ಈ ಎರಡನೆಯದು ಎಷ್ಟು ದೊಡ್ಡದಿತ್ತು ಅಂತ ನನಗೆ ಆಮೇಲೆ ಗೊತ್ತಾಯಿತು.

ಮಂಗಳವಾರ ಅವನನ್ನು ಸಣ್ಣ ಮೀಟಿಂಗ್ ರೂಮಿಗೆ ಕರೆದೆ. ಮುಂದಿನ ರಿಲೀಸ್‌ನ ಪಟ್ಟಿ ಬರೆದುಕೊಂಡು ನೋಟ್‌ಬುಕ್ ಹಿಡಿದು ಬಂದಿದ್ದ. ನಾನು, "ಸ್ವಲ್ಪ ದಿನ ರೆಸ್ಟ್ ತಗೋ. ನಿನಗೂ ಹಗುರ ಆಗುತ್ತೆ" ಅಂದೆ. ಅವನು ಪಟ್ಟಿಯನ್ನೇ ಒಂದು ಕ್ಷಣ ನೋಡಿದ. ಪೆನ್ನಿಗೆ ಕ್ಯಾಪ್ ಹಾಕಿದ. "ಆಯ್ತು ಸರ್" ಅಂದು ಎದ್ದು ಹೋದ. ಎರಡು ನಿಮಿಷವೂ ಆಗಲಿಲ್ಲ. ಸದ್ಯ, ಸುಲಭವಾಗಿ ಮುಗಿಯಿತು ಅಂದುಕೊಂಡೆ.

ಅವನ ಜಾಗಕ್ಕೆ ತಂಡದ ಹಿರಿಯ ಸಹೋದ್ಯೋಗಿಯೊಬ್ಬರು ಬಂದರು. ಇಪ್ಪತ್ತು ವರ್ಷದ ಅನುಭವ, ಎಂಥ ರಾತ್ರಿಯಲ್ಲೂ ದನಿ ಏರದ ಹೆಂಗಸು. ಪ್ಯಾಂಥರ್ಸ್ ಕೂಡ ಅಂಥವನನ್ನೇ ಆರಿಸಿತ್ತು. ಆಂಡಿ ಡಾಲ್ಟನ್, 36 ವರ್ಷ, 2011ರಿಂದ ಆಡುತ್ತಿರುವವನು. ಸೆಪ್ಟೆಂಬರ್ 22ರಂದು ಲಾಸ್ ವೇಗಸ್‌ನಲ್ಲಿ 319 ಗಜ, ಮೂರು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೇ ಗೆರೆ ದಾಟಿಸಿ ಗಳಿಸುವ ಅಂಕ) ಎಸೆದ. ತಂಡ 36-22ರಿಂದ ಗೆದ್ದಿತು. ಆರು ದಿನ ಬಿಟ್ಟು ನಮ್ಮ ರಿಲೀಸ್. ಒಂದೂವರೆಗೇ ಮುಗಿದುಹೋಯಿತು. ಸೋಮವಾರ ಮೇಲಿನವರಿಂದ ಮೆಚ್ಚುಗೆಯ ಮೇಲ್ ಬಂತು. ನೋಡಿ, ಸಮಸ್ಯೆ ಏನಿತ್ತು ಅಂತ ಗೊತ್ತಾಯ್ತಲ್ಲ ಅಂತ ಎಲ್ಲರೂ ಹೇಳಿದರು. ನಾನೂ ನಂಬಿದೆ.

ಈ ಬರಹ ಬರೆಯಲು ಕೂತದ್ದೇ ಆ ನಂಬಿಕೆಯ ಬಗ್ಗೆ ಹೇಳೋಣ ಅಂತ.

ಆ ಗೆಲುವಿನ ನಂತರ ಡಾಲ್ಟನ್ ಆಡಿದ ನಾಲ್ಕೂ ಪಂದ್ಯ ಸೋತರು. 34-24, 36-10, 38-20, 40-7. ನಮ್ಮಲ್ಲೂ ಅಕ್ಟೋಬರ್‌ನ ಎರಡು ರಿಲೀಸ್ ಒದ್ದಾಡಿದವು. ಬೇರೆ ತಂಡದಿಂದ ಹನ್ನೊಂದೂವರೆಗೆ ಬರಬೇಕಾದ ಫೈಲ್ ಹನ್ನೆರಡು ದಾಟಿದ ಮೇಲೆ ಬಂತು. 88ನೇ ಹೆಜ್ಜೆಯಲ್ಲಿ ಅದೇ ಕರ್ಸರ್, ಅದೇ ಮೌನ. ಇಪ್ಪತ್ತು ವರ್ಷದ ಅನುಭವ ಇದ್ದವರೂ ಅಲ್ಲೇ ನಿಂತರು.

ಸೋಮವಾರ ಅವರು ನನ್ನ ಟೇಬಲ್ ಹತ್ತಿರ ಬಂದು ರನ್‌ಬುಕ್ ಇಟ್ಟರು. ಅದರಲ್ಲಿ ಮೂವತ್ತಕ್ಕೂ ಜಾಸ್ತಿ ಹೆಜ್ಜೆ ನಾವು ಬಿಟ್ಟುಬಿಟ್ಟ ಹಳೇ ಸರ್ವರ್‌ಗೆ ಸೇರಿದ್ದು. ಟೆಸ್ಟ್ ಡೇಟಾ ಮಾರ್ಚ್ ತಿಂಗಳದ್ದು. ಫೈಲ್ ತಡ ಆದರೆ ಯಾರಿಗೆ ಫೋನ್ ಮಾಡಬೇಕು ಅಂತ ಎಲ್ಲೂ ಇಲ್ಲ. "ಇದನ್ನೆಲ್ಲ ಸರಿ ಮಾಡಬೇಕಾದವರು ಯಾರು?" ಅಂತ ಕೇಳಿದರು. ನಾನೇ. ಲೀಡ್‌ನ ಮುಂದಿನ ಗೋಡೆ ಕಟ್ಟಬೇಕಾದವನು ನಾನು.

ಹಾಗಾದರೆ ಸೆಪ್ಟೆಂಬರ್‌ನ ಆ ರಾತ್ರಿ ಯಾಕೆ ಅಷ್ಟು ಚೆನ್ನಾಗಿ ಹೋಯಿತು? ಆಮೇಲೆ ಕೂತು ನೋಡಿದೆ. ಹಿಂದಿನ ಸಲ ಕೆಟ್ಟಿದ್ದರಿಂದ ಫೈಲ್ ಕಳಿಸುವ ತಂಡ ಹುಷಾರಾಗಿ ಹನ್ನೊಂದಕ್ಕೇ ಕಳಿಸಿತ್ತು. ಹೊಸ ಲೀಡ್ ಅಂತ ಡೇಟಾಬೇಸ್‌ನವರು ತಮ್ಮ ಹಿರಿಯನನ್ನು ಕೂರಿಸಿದ್ದರು. ನಾನು ರಾತ್ರಿಯಿಡೀ ಕಾಲ್‌ನಲ್ಲಿದ್ದೆ. ಬದಲಿ ಬಂದವರ ಮೊದಲ ಸಲ ಸುತ್ತ ಇರುವವರೆಲ್ಲ ಒಂದು ಕೈ ಜಾಸ್ತಿ ಹಾಕುತ್ತಾರೆ. ಗೆಲುವಿನ ಹೆಸರು ಮಾತ್ರ ಬದಲಿಗೆ ಹೋಗುತ್ತದೆ, ಸೋಲಿನ ಹೆಸರು ಹಳಬನ ಮೇಲೆ ಗಟ್ಟಿಯಾಗುತ್ತದೆ. ಈಗ ನಾನು ಯಾರನ್ನೇ ಬದಲಾಯಿಸಿದರೂ ಮೂರನೇ ಸಲದವರೆಗೆ ಏನೂ ಹೇಳುವುದಿಲ್ಲ. ಬದಲಾಯಿಸುವ ಮೊದಲು, ಹಳಬನಿಗೆ ನಾವು ಏನು ಕೊಟ್ಟಿದ್ದೆವು ಅಂತ ಒಂದು ಹಾಳೆಯಲ್ಲಿ ಬರೆಯುತ್ತೇನೆ.

ಹಾಗಂತ ಅವನನ್ನು ಇಳಿಸಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಅವನಿಗೆ ಇನ್ನೊಂದು ರಾತ್ರಿ ಕೊಟ್ಟಿದ್ದರೆ ಇನ್ನೂ ಕುಗ್ಗುತ್ತಿದ್ದ. ಯಂಗ್ ವಿಷಯದಲ್ಲೂ ಕನಾಲೆಸ್ ಮಾಡಿದ್ದು ಸರಿ ಅಂತಲೇ ನನ್ನ ಲೆಕ್ಕ. ನಾನು ಎಡವಿದ್ದು ಆ ಎರಡು ನಿಮಿಷದ ಮಾತಿನಲ್ಲಿ.

ಅಕ್ಟೋಬರ್ ಕೊನೆಯಲ್ಲಿ ಅವನೇ ನನ್ನ ಹತ್ತಿರ ಬಂದ. ಕೈಯಲ್ಲಿ ಅದೇ ನೋಟ್‌ಬುಕ್. ಅವನನ್ನು ಯಾರೂ ಕರೆಯದಿದ್ದರೂ ಮೂರೂ ಶನಿವಾರ ಮೈಕ್ ಮ್ಯೂಟ್ ಮಾಡಿಕೊಂಡು ಕಾಲ್‌ನಲ್ಲಿ ಕೂತಿದ್ದನಂತೆ. ಬೆಂಚಿನಲ್ಲಿರುವ ಕ್ವಾರ್ಟರ್‌ಬ್ಯಾಕ್ ಕಿವಿಗೆ ಹೆಡ್‌ಸೆಟ್ ಹಾಕಿ, ಟ್ಯಾಬ್ಲೆಟ್ ಹಿಡಿದು ಪ್ರತಿ ಆಟ ನೋಡುತ್ತಾನಲ್ಲ, ಹಾಗೆ. ಪ್ರತಿ ಹೆಜ್ಜೆಗೂ ನಿಜವಾಗಿ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಬರೆದಿದ್ದ. 88ನೇ ಹೆಜ್ಜೆ ಮಾಮೂಲಿ ದಿನ 40 ಸೆಕೆಂಡ್, ತಿಂಗಳ ಕೊನೆಯಲ್ಲಿ 70.

"ಅವತ್ತು ರೋಲ್‌ಬ್ಯಾಕ್ ಮಾಡಿದ್ದು ತಪ್ಪೇ ಸರ್. ಆದ್ರೆ ಎಷ್ಟು ಹೊತ್ತು ಕಾಯ್ಬೇಕು ಅಂತ ಎಲ್ಲೂ ಬರೆದಿರಲಿಲ್ಲ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ತೆಗೆದಿದ್ದಕ್ಕೆ ಬೇಜಾರಿಲ್ಲ. ನೀವು ರೆಸ್ಟ್ ಅಂದ್ರಲ್ಲ, ಅದಕ್ಕೆ ಬೇಜಾರಾಯ್ತು. ಇದು ಸರಿ ಹೋಗ್ತಿಲ್ಲ, ಇಂಥದ್ದು ಕಲ್ತು ಬಾ ಅಂದಿದ್ರೆ ಅವತ್ತೇ ಶುರು ಮಾಡ್ತಿದ್ದೆ" ಅಂದ.

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ತಪ್ಪಾಯ್ತು ಅಂತ ಹೇಳಿದೆ. ಹೇಳಿದ್ದು ಒಳ್ಳೆಯದಾಯಿತು. ಅಲ್ಲಿಂದ ನಾವಿಬ್ಬರೂ ನೇರವಾಗಿ ಮಾತಾಡಲು ಶುರು ಮಾಡಿದೆವು.

ಅವನು ವಾಪಸ್ ಬಂದದ್ದು ನನ್ನ ಜಾಣತನದಿಂದ ಅಲ್ಲ. ನವೆಂಬರ್‌ನಲ್ಲಿ ಆ ಹಿರಿಯ ಸಹೋದ್ಯೋಗಿಯ ಗಂಡನಿಗೆ ಆಪರೇಷನ್ ಆಯಿತು, ಅವರು ರಜೆ ಹೋಗಬೇಕಾಯಿತು. ಯಂಗ್ ಕಥೆಯೂ ಅದೇ. ಅಕ್ಟೋಬರ್ 22ರಂದು ಡಾಲ್ಟನ್ ಕುಟುಂಬದ ಜೊತೆ ಹೋಗುತ್ತಿದ್ದ ಕಾರು ಅಪಘಾತವಾಗಿ ಅವನ ಹೆಬ್ಬೆರಳಿಗೆ ಪೆಟ್ಟಾಯಿತು. ಯಂಗ್ ಡೆನ್ವರ್‌ನಲ್ಲಿ ಆಡಿದ, 28-14ರಿಂದ ಸೋತ. ಆದರೆ ಡಾಲ್ಟನ್ ಬೆರಳು ವಾಸಿಯಾದ ಮೇಲೂ ಕನಾಲೆಸ್ ಯಂಗ್‌ನನ್ನೇ ಇಟ್ಟುಕೊಂಡರು. ಅದು ಅವರೇ ಮಾಡಿದ ಆಯ್ಕೆ. ಸೇಂಟ್ಸ್ ವಿರುದ್ಧ 23-22, ಮ್ಯೂನಿಕ್‌ನಲ್ಲಿ ಜಯಂಟ್ಸ್ ವಿರುದ್ಧ 20-17ರಿಂದ ಗೆದ್ದರು. ಆಮೇಲೆ ಚಾಂಪಿಯನ್ ಚೀಫ್ಸ್ ಎದುರು ಕೊನೇ ಕ್ಷಣದಲ್ಲಿ ಅವರು ಚೆಂಡು ಒದ್ದು ಗಳಿಸಿದ ಫೀಲ್ಡ್ ಗೋಲ್‌ನಿಂದ 30-27ಕ್ಕೆ ಸೋತರು. ನನಗೆ ಆ ಸೋಲೇ ಜಾಸ್ತಿ ಇಷ್ಟ. ಅವತ್ತು ಅವನ ಕಾಲು ನಿಂತಿತ್ತು, ಚೆಂಡು ದೂರಕ್ಕೆ ಹೋಗುತ್ತಿತ್ತು. ಮರುವರ್ಷ ನವೆಂಬರ್‌ನಲ್ಲಿ ಇದೇ ಹುಡುಗ ಅಟ್ಲಾಂಟಾದಲ್ಲಿ ಒಂದೇ ಪಂದ್ಯದಲ್ಲಿ 448 ಗಜ ಎಸೆದು ತಂಡದ ದಾಖಲೆ ಮುರಿದ. ನಮ್ಮ ಪ್ಯಾಂಟ್ರಿಯಲ್ಲಿ ಮಾತ್ರ ವಾದ ಇನ್ನೂ ಮುಗಿದಿಲ್ಲ.

ನಮ್ಮ ಹುಡುಗ ವಾಪಸ್ ಬರುವ ಮೊದಲು ನಾನು ಗೋಡೆ ಕೆಲಸಕ್ಕೆ ಕೂತೆ. ರನ್‌ಬುಕ್ 96 ಹೆಜ್ಜೆಗೆ ಇಳಿಯಿತು, ಪ್ರತಿ ಹೆಜ್ಜೆಯ ಪಕ್ಕದಲ್ಲಿ ಅವನು ಬರೆದ ಸಮಯ. ಫೈಲ್ ಬರದಿದ್ದರೆ ತಾನಾಗೇ ಅಲರ್ಟ್ ಹೋಗುವ ಹಾಗೆ ಮಾಡಿಸಿದೆ. ಹೊಸ ಟೆಸ್ಟ್ ಡೇಟಾ ತರಿಸಲು ಮೂರು ವಾರ ಬೆನ್ನು ಬಿದ್ದೆ. ಅವನ ಮೊದಲ ರಿಲೀಸ್ ಸಲೀಸಾಗಿ ಹೋಗಲಿಲ್ಲ. ಮಧ್ಯದಲ್ಲಿ ಒಂದು ಹೆಜ್ಜೆ ಕೈಕೊಟ್ಟಿತು. "ಇನ್ನೂ 30 ಸೆಕೆಂಡ್ ಕಾಯೋಣ" ಅಂದ. ಕಾದರು. ಸರಿಮಾಡಿ ಮುಂದೆ ಹೋದರು. ಮುಗಿದಾಗ ಮೂರು ಗಂಟೆ ಹತ್ತು ನಿಮಿಷ. ಹತ್ತು ನಿಮಿಷ ಯಾಕೆ ತಡ ಅಂತ ಮೇಲಿನವರು ಕೇಳಿದಾಗ ನಾನೇ ಉತ್ತರ ಕೊಟ್ಟೆ.

2025ರ ಜನವರಿ 5, ಭಾನುವಾರ. ಸೀಸನ್‌ನ ಕೊನೇ ಪಂದ್ಯ ನೋಡಲು ನಾಲ್ಕೈದು ಜನ ಅವನ ಅಪಾರ್ಟ್‌ಮೆಂಟ್‌ನಲ್ಲಿ ಸೇರಿದ್ದೆವು. ಹಿಂದಿನ ರಾತ್ರಿ ರಿಲೀಸ್ ಮುಗಿಸಿ ಅವನು ಮಲಗಿದ್ದೇ ಬೆಳಗಿನ ಜಾವ. ದಾವಣಗೆರೆಯಿಂದ ಅವರಮ್ಮ ಕಳಿಸಿದ ಮಂಡಕ್ಕಿಗೆ ಒಗ್ಗರಣೆ ಹಾಕಿ ಕೊಟ್ಟ. ಯಂಗ್ ಮೂರು ಟಚ್‌ಡೌನ್ ಎಸೆದ, ಎರಡು ತಾನೇ ಓಡಿ ಹೊಡೆದ. ಓವರ್‌ಟೈಮ್‌ನಲ್ಲಿ 44-38ರಿಂದ ಗೆಲುವು. ಎಲ್ಲರೂ ಎದ್ದು ಕೂಗುತ್ತಿದ್ದೆವು. ಅವನೂ ಕೂಗಿದ. ಆಮೇಲೆ ಸೋಫಾ ಪಕ್ಕದಿಂದ ಲ್ಯಾಪ್‌ಟಾಪ್ ಎತ್ತಿಕೊಂಡು, "ತಡೀರಿ ಸರ್, ನಾಳೆಯ ಫೈಲ್ ಬಂತಾ ಅಂತ ನೋಡ್ಬಿಡ್ತೀನಿ" ಅಂದ.