ಕರಾವಳಿಯ ಹಳೇ ಕಾರು: ಬಣ್ಣದ ಗುಳ್ಳೆ ಮತ್ತು ಅದರ ಹಿಂದಿನ ತುಕ್ಕು

ಮಂಗಳೂರು, ಉಡುಪಿ, ಕಾರವಾರದ ಕಡೆ ಹತ್ತು ಮಳೆಗಾಲ ಕಂಡ ಸಣ್ಣ ಕಾರನ್ನು ನೋಡಲು ಹೋದರೆ ಬಾನೆಟ್ ಎತ್ತುವುದು ಆಮೇಲೆ. ಮೊದಲು ಹಿಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು, ವೀಲ್ ಆರ್ಚಿನ (ಚಕ್ರದ ಮೇಲಿನ ಕಮಾನು ತಗಡು) ಅಂಚು ಒಳಕ್ಕೆ ಮಡಚಿರುವ ಕಡೆ ಬೆರಳಾಡಿಸಿ. ನುಣ್ಣಗಿದ್ದರೆ ಸರಿ. ಅಕ್ಕಿಕಾಳಿನಷ್ಟು ಉಬ್ಬು ಸಿಕ್ಕರೆ ಉಗುರಿನಲ್ಲಿ ಒತ್ತಿ. ಬಣ್ಣದ ಚಕ್ಕೆ ಎದ್ದು ಕಂದು ಪುಡಿ ಉದುರಿತೋ, ಅಲ್ಲಿ ತುಕ್ಕು ಶುರುವಾಗಿ ವರ್ಷವೇ ಆಗಿರಬಹುದು. ಬೆರಳಿಗೆ ಸಿಕ್ಕಿದ್ದು ಅದರ ಕೊನೆಯ ಹಂತ.

ಎಲ್ಲ ಗುಳ್ಳೆಯೂ ತುಕ್ಕಲ್ಲ. ಒಂದು ಸೂಜಿ ತಗೊಂಡು ಚುಚ್ಚಿದರೆ ಜಾತಿ ಗೊತ್ತಾಗುತ್ತದೆ. ಬಾನೆಟ್ ಅಥವಾ ಟಾಪಿನ ನಡುಮಧ್ಯೆ ಸಾಸಿವೆ ಚೆಲ್ಲಿದಂತೆ ಒಂದೇ ಅಳತೆಯ ನೂರಾರು ಗುಳ್ಳೆ ಇದ್ದು, ಚುಚ್ಚಿದರೆ ತಿಳಿನೀರು ಬಂದರೆ ಅಥವಾ ಒಳಗೆ ಏನೂ ಇಲ್ಲದಿದ್ದರೆ ತಗಡಿಗೆ ಏನೂ ಆಗಿಲ್ಲ. ಅದು ಹಿಂದೆ ಬಣ್ಣ ಹೊಡೆದವರ ತಪ್ಪು. ಕಂಪ್ರೆಸರ್ ಟ್ಯಾಂಕಿನ ನೀರು ಗಾಳಿಯ ಜೊತೆ ಸ್ಪ್ರೇ ಗನ್ನಿಗೆ ಬಂದಿರುತ್ತದೆ, ಇಲ್ಲವೇ ಪುಟ್ಟಿಯನ್ನು (ತಗ್ಗು ತುಂಬಿ ಸಮ ಮಾಡುವ ಲೇಪ) ನೀರು ಹಾಕಿ ಉಜ್ಜಿ, ಒಣಗುವ ಮೊದಲೇ ಮೇಲೆ ಬಣ್ಣ ಎಳೆದಿರುತ್ತಾರೆ. ಗಟ್ಟಿ ಪದರ ಸಿಗುವವರೆಗೆ ಕೆರೆದು ಮತ್ತೆ ಬಣ್ಣ ಹೊಡೆದರೆ ಮುಗಿಯಿತು. ಎರಡನೇ ಜಾತಿ ಅಂಚುಗಳಲ್ಲೇ ಏಳುತ್ತದೆ: ಬಾಗಿಲಿನ ಕೆಳತುದಿ, ಡಿಕ್ಕಿ ಬಾಗಿಲಿನ ನಂಬರ್ ಪ್ಲೇಟಿನ ಸುತ್ತ, ಬಾಗಿಲುಗಳ ಕೆಳಗೆ ಉದ್ದಕ್ಕೆ ಹೋಗುವ ರನ್ನಿಂಗ್ ಬೋರ್ಡು, ಮುಂದಿನ ಗಾಜಿನ ಸುತ್ತಲ ರಬ್ಬರ್ ಬೀಡಿಂಗ್ ಕೆಳಗೆ. ಆಕಾರ ಅಂಕುಡೊಂಕು, ಚುಚ್ಚಿದರೆ ಕಂದು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ, ಅದಕ್ಕೇ ಬಣ್ಣವನ್ನು ಎತ್ತಿ ಹಾಕುತ್ತದೆ. ಮೇಲೆ ರೂಪಾಯಿ ನಾಣ್ಯದಷ್ಟು ಕಂಡರೆ ಕೆಳಗೆ ಅಂಗೈಯಗಲ ಇರುವುದು ಮಾಮೂಲು.

ಕರಾವಳಿಯಲ್ಲಿ ಇದು ಜಾಸ್ತಿ ಯಾಕೆ ಅಂತ ತಿಳಿಯಲು ಅಡುಗೆಮನೆಯ ಉಪ್ಪಿನ ಭರಣಿ ನೋಡಿದರೆ ಸಾಕು. ಗಾಳಿಯ ತೇವಾಂಶ ಶೇಕಡಾ 75 ದಾಟಿದರೆ ಉಪ್ಪು ತಾನಾಗಿ ನೀರೂರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ತೇವ ಅದಕ್ಕಿಂತ ಕೆಳಗಿಳಿಯುವುದೇ ಅಪರೂಪ. ಮರವಂತೆಯಲ್ಲಿ ಹೆದ್ದಾರಿಗೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ. ಅಂಥ ರಸ್ತೆಯಲ್ಲಿ ದಿನಾ ಓಡುವ ಕಾರಿನ ಸಂದುಗಳಲ್ಲಿ ಉಪ್ಪು ಕೂತೇ ಇರುತ್ತದೆ, ಮಳೆ ನಿಂತ ದಿನವೂ ಆ ಜಾಗ ಒಣಗುವುದಿಲ್ಲ. ಅದರ ಮೇಲೆ ನಮ್ಮ ಕೆಂಪು ಮಣ್ಣು ವೀಲ್ ಆರ್ಚಿನ ಒಳಗೆ ಗಾರೆಯಂತೆ ಮೆತ್ತಿಕೊಂಡು ವಾರಗಟ್ಟಲೆ ನೀರು ಹಿಡಿದಿಡುತ್ತದೆ. ಇನ್ನೊಂದಿದೆ. ಮೀನು ತಂದ ಡಿಕ್ಕಿ. ಐಸ್ ಕರಗಿದ ಉಪ್ಪುನೀರು ಚೀಲದಿಂದ ಸೋರಿ ಸ್ಟೆಪ್ನಿ ಗುಂಡಿಗೆ ಇಳಿದಿರುತ್ತದೆ. ಸ್ಟೆಪ್ನಿ ಎತ್ತಿ ನೋಡದೆ ಕಾರು ಕೊಳ್ಳಬೇಡಿ. ಸೆಂಟ್ ಹೊಡೆದ ಡಿಕ್ಕಿಯಾದರಂತೂ ಎರಡು ಸಲ ನೋಡಿ.

ಬಾಗಿಲಿನದು ಬೇರೆ ಕತೆ. ಗಾಜಿನ ಹೊರಗಿನ ರಬ್ಬರ್ ಪಟ್ಟಿಯ ಸಂದಿನಿಂದ ಬಾಗಿಲಿನೊಳಗೆ ನೀರು ಇಳಿಯುವುದು ಸಹಜ, ಅದು ಹೊರಹೋಗಲೆಂದೇ ಕೆಳತುದಿಯಲ್ಲಿ ಸಣ್ಣ ತೂತುಗಳನ್ನು ಕೊಟ್ಟಿರುತ್ತಾರೆ. ಒಂದು ಚೊಂಬು ನೀರನ್ನು ಗಾಜಿನ ಮೇಲೆ ನಿಧಾನವಾಗಿ ಸುರಿದು ಕೆಳಗೆ ನೋಡಿ. ಅರ್ಧ ನಿಮಿಷದಲ್ಲಿ ತೊಟ್ಟಿಕ್ಕಬೇಕು. ಒಣಗಿಯೇ ಇದ್ದರೆ, ಬಾಗಿಲು ಆಡಿಸಿದಾಗ ಒಳಗೆ ಗುಳುಗುಳು ಅಂದರೆ, ತೂತು ಕಟ್ಟಿದೆ. ಅಂಥ ಬಾಗಿಲು ಒಳಗಿನಿಂದ ಹೊರಕ್ಕೆ ಕೊಳೆಯುತ್ತದೆ, ಹೊರಗೆ ಎಷ್ಟು ಬಣ್ಣ ಬಳಿದರೂ ಮುಂದಿನ ಮಳೆಗಾಲಕ್ಕೆ ಗುಳ್ಳೆ ಹಾಜರ್. ವೈಪರ್ ಕೆಳಗಿನ ಜಾಲರಿಯೂ ಹೀಗೇ: ಮರದಡಿ ನಿಲ್ಲಿಸುವ ಕಾರಿನಲ್ಲಿ ಎಲೆ ಕೊಳೆತು ದಾರಿ ಮುಚ್ಚಿ, ನೀರು ಮುಂದಿನ ಸೀಟಿನ ಕಾಲಡಿಗೆ ಬರುತ್ತದೆ. ಮ್ಯಾಟ್ ಎತ್ತಿದರೆ ಸಾಲದು, ಕಾರ್ಪೆಟ್ ಕೆಳಗಿನ ಫೋಮನ್ನು ಹಿಂಡಿ ನೋಡಿ.

ಪುಟ್ಟಿ ತುಂಬಿ ಮುಚ್ಚಿದ ಜಾಗ ಹುಡುಕಲು ಫ್ರಿಜ್ಜಿಗೆ ಅಂಟಿಸುವ ತೆಳು ಮ್ಯಾಗ್ನೆಟ್ ಸಾಕು. ಬಟ್ಟೆ ಸುತ್ತಿ ರನ್ನಿಂಗ್ ಬೋರ್ಡಿನ ಉದ್ದಕ್ಕೂ ಇಡುತ್ತಾ ಹೋಗಿ, ಜಾರಿ ಬಿದ್ದಲ್ಲಿ ಕೆಳಗೆ ತಗಡಿಲ್ಲ ಅಥವಾ ತಗಡಿನ ಮೇಲೆ ದಪ್ಪ ಪುಟ್ಟಿ ಇದೆ. ಬಣ್ಣದ ದಪ್ಪ ಅಳೆಯುವ ಮೀಟರ್ ಇದ್ದರೆ ಇನ್ನೂ ಚೆನ್ನ: ಕಂಪನಿ ಬಣ್ಣ ಸಾಮಾನ್ಯವಾಗಿ 90ರಿಂದ 150 ಮೈಕ್ರಾನ್, 250 ದಾಟಿದರೆ ಮತ್ತೆ ಬಣ್ಣ ಬಿದ್ದಿದೆ, 800–1000 ಅಂದರೆ ಪುಟ್ಟಿ.

ಯಾವುದನ್ನು ಕೈ ಹಾಕದೆ ಬಿಡಬೇಕು ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಜಾಕ್ ಕೊಡುವ ಜಾಗ, ಮುಂದಿನ ಶಾಕ್ ಅಬ್ಸಾರ್ಬರಿನ ಮೇಲ್ತುದಿ ಬೋಲ್ಟ್ ಆಗುವ ತಗಡು, ಸೀಟ್ ಬೆಲ್ಟ್ ಬಿಗಿದ ಜಾಗ, ಸಸ್ಪೆನ್ಷನ್ ಕೂರುವ ಕಡೆ. ಇಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಹೋಗುವಂತಿದ್ದರೆ ಎಷ್ಟು ಅಗ್ಗಕ್ಕೆ ಬಂದರೂ ಕಾರು ಬೇಡ. ಉಳಿದ ತುಕ್ಕು ಬೆಲೆ ಇಳಿಸುವ ಮಾತು, ಇದು ಜೀವದ ಮಾತು.

ಈಗ ರಿಪೇರಿಗೆ ಬರೋಣ. ಅಂಗೈಯಗಲದ ವೀಲ್ ಆರ್ಚ್ ತುಕ್ಕನ್ನೇ ತೆಗೆದುಕೊಳ್ಳಿ.

ಮೊದಲ ಕೆಲಸ ಗ್ರೈಂಡರ್ ಅಲ್ಲ, ನೀರು. ಚಕ್ರ ಬಿಚ್ಚಿ, ಒಳಗಿನ ಮಣ್ಣನ್ನೆಲ್ಲ ಕೆದಕಿ, ಸಿಹಿನೀರಲ್ಲಿ ಎರಡು ಮೂರು ಸಲ ತೊಳೆಯಿರಿ. ಉಪ್ಪು ಇದ್ದ ಹಾಗೇ ಉಜ್ಜಿದರೆ ಅದನ್ನು ನೀವೇ ತಗಡಿಗೆ ಅರೆದು ತುಂಬಿದಂತೆ. ಆ ಉಪ್ಪು ಬಣ್ಣದ ಪದರದ ಮೂಲಕವೇ ನೀರನ್ನು ಎಳೆದುಕೊಂಡು ಮತ್ತೆ ಗುಳ್ಳೆ ಎಬ್ಬಿಸುತ್ತದೆ. ಒಂದು ಪೂರ್ತಿ ದಿನ ಬಿಸಿಲಲ್ಲಿ ಒಣಗಿಸಿ. ನಂತರ ವ್ಯಾಕ್ಸ್ ಮತ್ತು ಗ್ರೀಸ್ ತೆಗೆಯುವ ದ್ರಾವಣದಲ್ಲಿ ಒರೆಸಿ, ಹಚ್ಚಲು ಒಂದು ಬಟ್ಟೆ, ಒರೆಸಲು ಇನ್ನೊಂದು. ಪೆಟ್ರೋಲ್ ಬೇಡ, ಎಣ್ಣೆಯಂಶ ಉಳಿಸುತ್ತದೆ.

ಬಣ್ಣವನ್ನು ತುಕ್ಕಿನ ಅಂಚಿನಿಂದ 3–5 ಸೆಂಟಿಮೀಟರ್ ಆಚೆಯವರೆಗೆ, ಹೊಳೆಯುವ ತಗಡು ಕಾಣುವ ತನಕ ತೆಗೆಯಬೇಕು. ಕಲ್ಲಿನ ಗ್ರೈಂಡಿಂಗ್ ಡಿಸ್ಕ್ ಹಾಕಬೇಡಿ. ಮೇಲ್ಮೈ ತಗಡು ಇರುವುದೇ 0.7–0.8 ಮಿಲಿಮೀಟರ್, ಅರ್ಧ ಸವೆದು ಬಿಸಿಗೆ ಸೊಟ್ಟಗಾಗುತ್ತದೆ. ಬಣ್ಣ ತೆಗೆಯುವ ನೈಲಾನ್ ಡಿಸ್ಕ್ ಅಥವಾ 80 ನಂಬರ್ ಎಮರಿ ಒಳ್ಳೆಯದು. ತಂತಿಯ ಕಪ್ ಬ್ರಷ್ ಮೋಸ ಮಾಡುತ್ತದೆ. ಅದು ತುಕ್ಕನ್ನು ತೆಗೆಯುವ ಬದಲು ಪಾಲಿಷ್ ಮಾಡಿ ಬೆಳ್ಳಗೆ ತೋರಿಸುತ್ತದೆ. ಮೊಬೈಲ್ ಕ್ಯಾಮೆರಾ ಝೂಮ್ ಮಾಡಿ ನೋಡಿ: ಹೊಳಪಿನ ನಡುವೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆಗಳಿದ್ದರೆ ಪ್ರತಿಯೊಂದೂ ತುಕ್ಕಿನ ಗುಣಿ.

ಗುಣಿ ಆಳವಿದ್ದು ಎಮರಿಗೆ ಸಿಗದಿದ್ದರೆ ರಸ್ಟ್ ಕನ್ವರ್ಟರ್, ಅಂದರೆ ಉಳಿದ ತುಕ್ಕನ್ನು ಗಟ್ಟಿ ಪದರವಾಗಿ ಬದಲಿಸುವ ದ್ರಾವಣ ಬೇಕು. ಇದರಲ್ಲೂ ಎರಡು ಬಗೆ, ಬಳಸುವ ರೀತಿ ತದ್ವಿರುದ್ಧ. ಬರೀ ಫಾಸ್ಫಾರಿಕ್ ಆಸಿಡ್ಡಿನದನ್ನು ಹಚ್ಚಿ, ಡಬ್ಬಿಯಲ್ಲಿ ಬರೆದಷ್ಟು ಹೊತ್ತು ಒಣಗಲು ಬಿಡದೆ ಒದ್ದೆ ಇಟ್ಟು, ಆಮೇಲೆ ನೀರಲ್ಲಿ ತೊಳೆದು ತಕ್ಷಣ ಬಿಸಿಗಾಳಿಯಲ್ಲಿ ಒಣಗಿಸಬೇಕು. ಆಸಿಡ್ ಉಳಿದರೆ ಮುಂದೆ ಹೊಡೆಯುವ ಎಪಾಕ್ಸಿ ಪ್ರೈಮರ್ (ಬಣ್ಣದ ಕೆಳಗಿನ, ತೇವ ತಡೆಯುವ ಮೊದಲ ಪದರ) ಹಿಡಿಯುವುದಿಲ್ಲ. ಟ್ಯಾನಿನ್ ಇರುವ ಹಾಲಿನಂಥ ದ್ರಾವಣವಾದರೆ ತೊಳೆಯಲೇಬಾರದು. ಅದು ಕಪ್ಪಾಗಿ ಪದರವಾಗಲು 24 ಗಂಟೆ ಬಿಡಬೇಕು. ಎರಡೂ ಸಡಿಲ ಚಕ್ಕೆಯ ಮೇಲೆ ವ್ಯರ್ಥ, ತುಕ್ಕು ಕೆರೆಯುವ ಶ್ರಮ ಉಳಿಸುವ ಔಷಧಿ ಅವಲ್ಲ.

ತೂತು ಬಿದ್ದಿದ್ದರೆ ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ಹೊಸ ತುಂಡನ್ನು ಮಿಗ್ ವೆಲ್ಡಿಂಗ್ (ತೆಳು ವೈರ್ ತಾನಾಗಿ ಬಂದು ಕರಗುವ ಬೆಸುಗೆ) ಮಾಡಿಸಿ, 0.6 ಅಥವಾ 0.8 ಮಿಲಿಮೀಟರ್ ವೈರ್, ಅಲ್ಲಲ್ಲಿ ಚುಕ್ಕೆ ಇಟ್ಟು ಆರಲು ಬಿಟ್ಟು ಸೇರಿಸುತ್ತಾ ಹೋಗಬೇಕು. ಬ್ಯಾಟರಿ ಬಿಚ್ಚಿ, ಒಳಗಿನ ಕಾರ್ಪೆಟ್ ತೆಗೆದು, ಪೆಟ್ರೋಲ್ ಪೈಪ್ ಎಲ್ಲಿದೆ ನೋಡಿಕೊಂಡ ಮೇಲೆಯೇ ಕಿಡಿ. ಫೈಬರ್ ಮ್ಯಾಟ್ ಅಂಟಿಸಿ ಪುಟ್ಟಿ ಮೆತ್ತುವುದು ಕಾರು ಮಾರುವವರ ರಿಪೇರಿ, ಇಟ್ಟುಕೊಳ್ಳುವವರದ್ದಲ್ಲ.

ಬರೀ ತಗಡನ್ನು ರಾತ್ರಿ ಹಾಗೇ ಬಿಟ್ಟರೆ ಬೆಳಿಗ್ಗೆ ಅರಿಶಿನ ಬಳಿದಂತೆ ಹೊಸ ತುಕ್ಕು ಬಂದಿರುತ್ತದೆ. ಆದ್ದರಿಂದ ಕೊನೆಯ ಉಜ್ಜಾಟ ಮುಗಿದ ಒಂದೆರಡು ಗಂಟೆಯೊಳಗೆ ಹಾರ್ಡ್ನರ್ (ಗಟ್ಟಿಯಾಗಿಸುವ ದ್ರವ) ಬೆರೆಸುವ ಎಪಾಕ್ಸಿ ಪ್ರೈಮರ್ ಎರಡು ಕೋಟ್ ಬೀಳಬೇಕು. ಬೆರೆಸುವ ಅಳತೆ ಡಬ್ಬಿಯ ಮೇಲಿದ್ದದ್ದೇ, ಕಣ್ಣಳತೆ ಬೇಡ. ಗೇಟಿಗೆ ಹಚ್ಚುವ ರೆಡ್ ಆಕ್ಸೈಡ್ ಇಲ್ಲಿ ಕೆಲಸಕ್ಕೆ ಬಾರದು: ತೇವ ತಡೆಯುವುದಿಲ್ಲ, ಮೇಲಿನ ಬಣ್ಣದ ಥಿನ್ನರ್ ತಾಗಿದಾಗ ಸುಕ್ಕುಗಟ್ಟಿ ಏಳುತ್ತದೆ.

ಪುಟ್ಟಿ ಎಪಾಕ್ಸಿಯ ಮೇಲೆ ಬರಬೇಕು. ಬಹಳಷ್ಟು ಕಡೆ ಉಲ್ಟಾ ಮಾಡುತ್ತಾರೆ. ಪಾಲಿಯೆಸ್ಟರ್ ಪುಟ್ಟಿ ಸ್ಪಂಜಿನಂತೆ ತೇವ ಹೀರುತ್ತದೆ, ತಗಡಿಗೆ ನೇರ ತಾಗಿದರೆ ಆ ತೇವ ಅಲ್ಲೇ ಕೂರುತ್ತದೆ. ಎಪಾಕ್ಸಿ ಒಂದು ರಾತ್ರಿ ಒಣಗಿದ ಮೇಲೆ 180 ನಂಬರಿನಲ್ಲಿ ಗೀಚಿ, 100 ಗ್ರಾಂ ಪುಟ್ಟಿಗೆ ಸುಮಾರು 2 ಗ್ರಾಂ ಹಾರ್ಡ್ನರ್ ಬೆರೆಸಿ. ನಾಲ್ಕೈದು ನಿಮಿಷದಲ್ಲಿ ಗಟ್ಟಿಯಾಗುವುದರಿಂದ ನಿಂಬೆಹಣ್ಣಿನಷ್ಟೇ ಕಲಸಿಕೊಳ್ಳಿ. ಬೇಗ ಒಣಗಲಿ ಅಂತ ಹಾರ್ಡ್ನರ್ ಜಾಸ್ತಿ ಹಾಕಿದರೆ ಅದರ ಬಣ್ಣ ತಿಂಗಳ ನಂತರ ಬಿಳಿ ಕಾರಿನ ಮೇಲೆ ಕಲೆಯಾಗಿ ಮೂಡುತ್ತದೆ. ದಪ್ಪ 2–3 ಮಿಲಿಮೀಟರ್ ದಾಟಬಾರದು. ಉಜ್ಜುವುದು 80, 180, 320, ಪೂರ್ತಿ ಒಣದಾಗಿ. ಅದರ ಮೇಲೆ ಪಿಯು (ಪಾಲಿಯುರೆಥೇನ್) ಪ್ರೈಮರ್, ಅದು ಆರಿದ ಮೇಲೆ 600 ನಂಬರ್ ವಾಟರ್ ಪೇಪರ್. ನೀರು ಮುಟ್ಟಿಸುವುದು ಆಗ ಮಾತ್ರ.

ಬಣ್ಣದ ಕೋಡ್ ಕಾರಿನ ತಗಡು ಪಟ್ಟಿಯಲ್ಲೇ ಇರುತ್ತದೆ. ಮಾರುತಿಯ ಬಿಳಿಗೆ 26ಯು ಅಂತ ನೋಡಿರಬಹುದು. ಬೇಸ್ ಕೋಟ್ (ಬಣ್ಣದ ಪದರ) ಎರಡು ಮೂರು, ನಡುವೆ 10–15 ನಿಮಿಷ, ಮೇಲೆ ಹೊಳಪಿನ ಕ್ಲಿಯರ್ ಎರಡು. ಸಿಲ್ವರ್ ಬಣ್ಣವಾದರೆ ತೇಪೆ ಕಾಣದಂತೆ ಬೇಸನ್ನು ಅಂಚಿನಲ್ಲಿ ತೆಳುವಾಗಿಸುತ್ತಾ ಹಳೇ ಬಣ್ಣದಲ್ಲಿ ಬೆರೆಸಿ ಕ್ಲಿಯರನ್ನು ಇಡೀ ಪ್ಯಾನೆಲ್ಲಿಗೆ ಹೊಡೆಯಬೇಕು. ಕ್ಲಿಯರಿನ ಹಾರ್ಡ್ನರಿನಲ್ಲಿ ಐಸೊಸಯನೇಟ್ ಎಂಬ, ಶ್ವಾಸಕೋಶಕ್ಕೆ ಅಪಾಯದ ರಾಸಾಯನಿಕ ಇರುತ್ತದೆ, ಮೂಗಿಗೆ ಕರ್ಚೀಫ್ ಕಟ್ಟಿದರೆ ಏನೂ ಉಪಯೋಗವಿಲ್ಲ. ಸರಿಯಾದ ಮಾಸ್ಕ್ ಇಲ್ಲದವರು ಈ ಒಂದು ಹಂತವನ್ನು ಬೂತ್ ಇರುವ ಪೇಂಟರಿಗೇ ಬಿಡಿ. ತೇವಾಂಶ ಶೇಕಡಾ 85 ದಾಟಿದ ದಿನ ಯಾರೂ ಹೊಡೆಯಬಾರದು. ಕರಾವಳಿಯಲ್ಲಿ ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ, ಅದೂ ಬಿಸಿಲೇರಿದ ಮೇಲೆ.

ಹೊರಗಿನ ಕೆಲಸ ಇಷ್ಟು. ಒಳಗಿನಿಂದ ಬಂದ ತುಕ್ಕಿಗೆ ಒಳಗೇ ಮದ್ದು ಬೇಕು. ಎರಡು ತಗಡು ಸೇರುವ ಅಂಚಿಗೆ ಸಂದು ಮುಚ್ಚುವ ಸೀಮ್ ಸೀಲರ್ ಎಳೆದು, ಬಾಗಿಲು ಮತ್ತು ರನ್ನಿಂಗ್ ಬೋರ್ಡಿನ ಟೊಳ್ಳಿಗೆ ಉದ್ದ ಪೈಪಿನ ನಳಿಕೆಯಲ್ಲಿ ಕ್ಯಾವಿಟಿ ವ್ಯಾಕ್ಸ್ (ಟೊಳ್ಳಿನೊಳಗೆ ತುಕ್ಕು ತಡೆಯುವ ಮೇಣ) ಹೊಡೆಯಿರಿ. ಕೆಳಗಿನಿಂದ ಕಪ್ಪು ರಬ್ಬರ್ ಕೋಟಿಂಗ್ ಮಾತ್ರ ಹೊಡೆಸಿ ನಿಶ್ಚಿಂತೆಯಾಗಿರುವವರು ತುಂಬ ಜನ. ತುಕ್ಕಿನ ಮೇಲೆ ಬಿದ್ದ ಆ ಕೋಟಿಂಗ್ ಒಂದು ಕಡೆ ಬಿರುಕು ಬಿಟ್ಟರೂ ಚೀಲದಂತೆ ನೀರು ತುಂಬಿಕೊಳ್ಳುತ್ತದೆ, ಕೊಳೆತದ್ದು ಕಾಣುವುದೂ ಇಲ್ಲ. ವ್ಯಾಕ್ಸ್ ಹಾಗಲ್ಲ, ಮೆತ್ತಗೇ ಉಳಿದು ಸಂದಿಗೆ ಹರಿಯುತ್ತದೆ. ಹೊಡೆದಾದ ಮೇಲೆ ನೀರು ಹೋಗುವ ತೂತುಗಳನ್ನು ಒಂದು ತಂತಿಯಿಂದ ಮತ್ತೆ ಬಿಡಿಸಿ. ಎರಡು ದಿನ ಹಳದಿ ಎಣ್ಣೆ ತೊಟ್ಟಿಕ್ಕುತ್ತಿರುತ್ತದೆ, ಅಂಗಳದಲ್ಲಿ ಟೈಲ್ಸ್ ಇದ್ದರೆ ಕೆಳಗೆ ಒಂದು ರಟ್ಟು ಹಾಸಿ.